ಎರಡು ಕಿಟ್‌ನಲ್ಲೂ ನೆಗೆಟಿವ್, ಇನ್ನೇನು ಭಯ?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದ ಒಬ್ಬ ಗಂಡಸಿನ ಕಥೆ ಇದು. ಅವರಿಗೆ ಮೂವತ್ತು ದಾಟಿದೆ, ಮದುವೆಯಾಗಿದೆ. ಬೇರೊಬ್ಬರ ಜೊತೆ ಒಮ್ಮೆ ಕಾಂಡೋಮ್ ಇಲ್ಲದೆ ಸಂಪರ್ಕವಾಗಿತ್ತು. 10ನೇ ದಿನಕ್ಕೆ ಒಸಡಿನ ಮೇಲೆ ಸವರಿ ನೋಡುವ ಎಚ್‌ಐವಿ ಕಿಟ್ ತರಿಸಿಕೊಂಡರು. ನೆಗೆಟಿವ್ ಬಂತು. ಸಮಾಧಾನವಾಗದೆ 18ನೇ ದಿನ ಇನ್ನೊಂದು ಮಾಡಿದರು. ಅದೂ ನೆಗೆಟಿವ್. ನನ್ನ ಹತ್ತಿರ ಬಂದಾಗ ಕೇಳಿದ್ದು ಒಂದೇ ಮಾತು: "ಮೇಡಂ, ಎರಡೂ ಕಿಟ್ ಒಂದೇ ಹೇಳಿವೆ. ಮನೆಯಲ್ಲಿ ಇನ್ನು ಮೊದಲಿನ ಹಾಗೇ ಇರಬಹುದು ಅಲ್ವಾ?"

ಬೇಡ, ಇನ್ನೂ ಕಾಯಬೇಕು ಎಂದೆ. ಅವರ ಮುಖ ಸಪ್ಪಗಾಯಿತು.

ಈ ಕಿಟ್ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ಕಿಟ್‌ಗೆ ಸಿಗುವಷ್ಟು ಆಗಲು ಕೆಲವರಲ್ಲಿ ಮೂರು ತಿಂಗಳೂ ಬೇಕು. ಬಾಯಿಯ ದ್ರವದಲ್ಲಂತೂ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ಇರುತ್ತವೆ. ಹಾಗಾಗಿ 10ನೇ ದಿನ ಒಂದಲ್ಲ, ಐದು ಕಿಟ್ ಬಳಸಿದರೂ ಬರುವ ಉತ್ತರಕ್ಕೆ ಬೆಲೆ ಇಲ್ಲ. ಕಿಟ್ ಕೆಟ್ಟದ್ದಲ್ಲ, ಕೇಳಿದ ಹೊತ್ತು ಸರಿ ಇರಲಿಲ್ಲ.

ಹೇಗೆ ಮಾಡಿದಿರಿ ಎಂದು ಕೇಳಿದೆ. ಮೊದಲ ಸಲ ಐದೇ ನಿಮಿಷಕ್ಕೆ ನೋಡಿ, ಹೆದರಿಕೆಗೆ ಎಸೆದುಬಿಟ್ಟಿದ್ದರಂತೆ. ಅಂಥ ಕಿಟ್ ಒಂದರಲ್ಲಿ 20ರಿಂದ 40 ನಿಮಿಷದ ಒಳಗೆ ಓದಬೇಕು ಎಂದಿರುತ್ತದೆ. ಜನ ತಾವೇ ಪರೀಕ್ಷೆ ಮಾಡಿಕೊಂಡಾಗ ಎಷ್ಟು ತಪ್ಪು ಬರುತ್ತದೆ ಎನ್ನುವುದಕ್ಕೂ ಲೆಕ್ಕವಿದೆ. 2012ರಲ್ಲಿ ಅಮೆರಿಕದಲ್ಲಿ ಮನೆ ಬಳಕೆಗೆ ಒಪ್ಪಿಗೆ ಪಡೆದ ಬಾಯಿದ್ರವದ ಕಿಟ್ಟನ್ನು ಸಾಮಾನ್ಯ ಜನರೇ ಬಳಸಿ ನೋಡಿದಾಗ, ಸೋಂಕಿದ್ದ 12 ಜನರಲ್ಲಿ ಸುಮಾರು ಒಬ್ಬರಿಗೆ ತಪ್ಪಾಗಿ ನೆಗೆಟಿವ್ ಬಂದಿತ್ತು. ಸೋಂಕಿಲ್ಲದವರಲ್ಲಿ ತಪ್ಪಾಗಿ ಪಾಸಿಟಿವ್ ಬಂದಿದ್ದು 5,000ಕ್ಕೆ ಒಬ್ಬರಿಗೆ ಮಾತ್ರ. ಹಾಗಂತ ಕಿಟ್‌ನಲ್ಲಿ ಎರಡನೇ ಗೆರೆ (ಅಂದರೆ ಪಾಸಿಟಿವ್) ಕಂಡರೆ, ಅದು ತೆಳುವಾಗಿದ್ದರೂ, ಅಲ್ಲಿಗೇ ತೀರ್ಮಾನ ಮಾಡಿಕೊಳ್ಳಬಾರದು. ಲ್ಯಾಬ್‌ನಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಸೋಂಕು ಇದೆ ಎಂದಾದರೂ ಇವತ್ತು ಒಳ್ಳೆಯ ಮಾತ್ರೆಗಳಿವೆ. ಅವುಗಳಿಂದ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಇದನ್ನು ಅವರಿಗೆ ಎರಡು ಸಲ ಹೇಳಿದೆ. ಭಯದಲ್ಲಿರುವವರ ಕಿವಿಗೆ ಮೊದಲ ಸಲ ಬೀಳುವುದಿಲ್ಲ.

ನಾನು ಕೊಟ್ಟ ಸಲಹೆ ಇದು. ಸುಮ್ನೆ ಇನ್ನೊಂದು ಕಿಟ್ ಕೊಳ್ಳಬೇಡಿ. 45 ದಿನ ಕಳೆದ ಮೇಲೆ ಲ್ಯಾಬ್‌ನಲ್ಲಿ ರಕ್ತನಾಳದಿಂದ ರಕ್ತ ಕೊಟ್ಟು, ಪ್ರತಿಜನಕ (ವೈರಸ್‌ನದೇ ಒಂದು ಭಾಗ) ಮತ್ತು ಪ್ರತಿಕಾಯ ಎರಡನ್ನೂ ನೋಡುವ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಬೇಡ. ಮುಂದೆಂದಾದರೂ ಹೀಗಾದರೆ ಕಿಟ್ ಹುಡುಕುತ್ತಾ ಕೂರದೆ 72 ಗಂಟೆಯೊಳಗೆ ವೈದ್ಯರನ್ನು ನೋಡಿ. ಸೋಂಕು ತಡೆಯುವ 28 ದಿನದ ಮಾತ್ರೆಗಳಿವೆ. ಇವರಿಗೆ ಆ ಸಮಯ ಮೀರಿಹೋಗಿತ್ತು. ನನಗೆ ತುಂಬಾ ಬೇಸರವಾದದ್ದು ಅದಕ್ಕೇ.

ಹೆಂಡತಿಗೆ ಹೇಳುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ನಾನು ಒತ್ತಾಯ ಮಾಡಲಿಲ್ಲ. ಆದರೆ ಕಾರಣ ಹೇಳದೆ ಕಾಂಡೋಮ್ ಬಳಸಿದರೆ ಅವರಿಗೆ ಅನುಮಾನ ಬರುತ್ತದೆ, ನೀವೇ ಹೇಳುವುದು ಒಳ್ಳೆಯದು ಎಂದೆ. ವಾರದ ಮೇಲೆ ಹೇಳಿದರು.

ಇನ್ನೊಂದು ಮಾತನ್ನೂ ಹೇಳಿದ್ದೆ: ಆ ಕಿಟ್ ನೋಡುವುದು ಎಚ್‌ಐವಿಯನ್ನು ಮಾತ್ರ, ಅದೇ ರಕ್ತದಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ. 47ನೇ ದಿನದ ವರದಿಯಲ್ಲಿ ಎಚ್‌ಐವಿ ಇರಲಿಲ್ಲ. ಸಿಫಿಲಿಸ್ ಇತ್ತು. ವೈದ್ಯರು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು, ಹೆಂಡತಿಯ ಪರೀಕ್ಷೆಯೂ ಅದೇ ವಾರ ಆಯಿತು.