ಹೊಟ್ಟೆ ತುಂಬಿ ಸಾಯುವ ಕ್ಯಾಟಲಿಸ್ಟ್

ಪ್ರಶ್ನೆ: ಸರ್, ಕ್ಯಾಟಲಿಸ್ಟ್ ಕ್ರಿಯೆಯ ವೇಗ ಹೆಚ್ಚಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ ಎಂದು ಪಾಠದಲ್ಲಿ ಓದಿದ್ದೇನೆ. ಹಾಗಾದರೆ ಭಾರೀ ಕಚ್ಚಾ ತೈಲದ ಗಂಧಕ ತೆಗೆಯುವ ಘಟಕಗಳನ್ನು ಆಗಾಗ ನಿಲ್ಲಿಸಿ, ನೂರಾರು ಟನ್ ಕ್ಯಾಟಲಿಸ್ಟ್ ಹೊರಗೆ ಸುರಿಯುವುದು ಯಾಕೆ? ಪುಸ್ತಕದಲ್ಲಿರುವುದು ಸುಳ್ಳಾ?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಸುಳ್ಳಲ್ಲಮ್ಮ, ಅರ್ಧ ಹೇಳಿ ಸುಮ್ಮನಾಗಿದೆ. ನೀವು ಹೇಳಿದ ಗಂಧಕ ತೆಗೆಯುವ ಘಟಕವನ್ನೇ ಹೈಡ್ರೋಟ್ರೀಟರ್ ಅನ್ನುತ್ತೇವೆ, ನಾನು ಅದನ್ನು 28 ವರ್ಷ ನೋಡಿಕೊಂಡವನು. ದುಡಿದು ಸವೆದ ಕ್ಯಾಟಲಿಸ್ಟ್ ಒಂದನ್ನೂ ಕಂಡಿಲ್ಲ. ಹೊಟ್ಟೆ ತುಂಬಿ ಸತ್ತದ್ದನ್ನು ಮಾತ್ರ ಟನ್‌ಗಟ್ಟಲೆ ಕಂಡಿದ್ದೇನೆ.

ಕ್ಯಾಟಲಿಸ್ಟಿನ ಒಂದು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಒಂದೆರಡು ಮಿಲಿಮೀಟರ್ ದಪ್ಪ, ಕತ್ತರಿಸಿದರೆ ಮೂರೆಸಳಿನ ಆಕಾರ. ಅದು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂ ಕಾಳಿನ ಒಳಗೋಡೆಗಳನ್ನು ಬಿಚ್ಚಿ ಹಾಸಿದರೆ ಸುಮಾರು 200 ಚದರ ಮೀಟರ್ ಆಗುತ್ತದೆ. ಆ ಗೋಡೆಗಳ ಮೇಲೆ ಮಾಲಿಬ್ಡಿನಮ್ ಸಲ್ಫೈಡಿನ (ಮಾಲಿಬ್ಡಿನಮ್ ಲೋಹ ಗಂಧಕದೊಡನೆ ಸೇರಿದ್ದು) ತೆಳು ಹಾಳೆಗಳಿವೆ. ಹಾಳೆಗಳ ಅಂಚಿನಲ್ಲಿ ಕೋಬಾಲ್ಟ್ ಅಥವಾ ನಿಕಲ್ ಕೂತಿರುತ್ತದೆ. ನಿಜವಾದ ಕೆಲಸ ಆಗುವುದು ಈ ಅಂಚಿನಲ್ಲೇ. 350–400 ಡಿಗ್ರಿ ಸೆಲ್ಸಿಯಸ್ ಬಿಸಿ, 100 ಬಾರ್‌ಗೂ ಜಾಸ್ತಿ ಒತ್ತಡ, ಜೊತೆಗೆ ಹೈಡ್ರೋಜನ್. ಎಣ್ಣೆಯ ಗಂಧಕ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹೊರಟುಹೋಗುತ್ತದೆ, ಅಂಚು ಮತ್ತೆ ಖಾಲಿ. ಇಲ್ಲಿಯವರೆಗೆ ನಿಮ್ಮ ಪುಸ್ತಕ ಸರಿ.

ಭಾರೀ ಎಣ್ಣೆಯಲ್ಲಿ ಗಂಧಕ ಒಂದೇ ಇರುವುದಿಲ್ಲ. ವೆನೇಡಿಯಂ, ನಿಕಲ್ ಎಂಬ ಲೋಹಗಳೂ ಇರುತ್ತವೆ. 1934ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಟ್ರೈಬ್ಸ್ ಕಚ್ಚಾ ಎಣ್ಣೆಯನ್ನು ಪರೀಕ್ಷಿಸಿ ನೋಡಿದರು. ಅವರಿಗೆ ಎಣ್ಣೆಯಲ್ಲಿ ಸಿಕ್ಕಿದ್ದು ಪೋರ್ಫಿರಿನ್ ಎಂಬ ಉಂಗುರದಂಥ ಅಣು. ಎಲೆಯ ಹಸಿರಿನಲ್ಲೂ ಇಂಥದೇ ಉಂಗುರ ಇದೆ, ನಡುವೆ ಮೆಗ್ನೀಸಿಯಂ. ಎಣ್ಣೆಯಲ್ಲಿ ಆ ಜಾಗಕ್ಕೆ ವೆನೇಡಿಯಂ ಬಂದು ಕೂತಿದೆ. ಯಾವುದೋ ಕಾಲದ ಹಸಿರು ನನ್ನ ರಿಯಾಕ್ಟರನ್ನು (ಕ್ಯಾಟಲಿಸ್ಟ್ ತುಂಬಿದ ಪಾತ್ರೆಯನ್ನು) ಮುಚ್ಚಿಹಾಕುತ್ತಿದೆಯಲ್ಲ ಅಂತ ಶಿಫ್ಟ್‌ನಲ್ಲಿ ಎಷ್ಟೋ ಸಲ ಬೈದುಕೊಂಡಿದ್ದೇನೆ.

ಉಂಗುರ ಒಡೆದಾಗ ಗಂಧಕದ ಹಾಗೆ ಅನಿಲವಾಗಿ ಓಡಿಹೋಗಲು ಲೋಹಕ್ಕೆ ಆಗುವುದಿಲ್ಲ. ಸಲ್ಫೈಡ್ ಆಗಿ ರಂಧ್ರದಲ್ಲೇ ಕೂರುತ್ತದೆ, ಅದೂ ಬಾಯಿಯ ಹತ್ತಿರವೇ. ಹಳೆಯ ಕಾಳನ್ನು ಅಡ್ಡ ಕೊಯ್ದು ಲೋಹ ಎಲ್ಲೆಲ್ಲಿದೆ ಎಂದು ಅಳೆದರೆ, ವೆನೇಡಿಯಂ ಹೊರ ಅಂಚಿನಲ್ಲಿ ದಪ್ಪ ಬಳೆಯಂತೆ ಕಾಣುತ್ತದೆ. ನಿಕಲ್ ಸ್ವಲ್ಪ ಒಳಗೂ ಹೋಗಿರುತ್ತದೆ. ನಡುಭಾಗ ಇನ್ನೂ ಕೆಲಸ ಮಾಡೀತು. ಆದರೆ ಬಾಗಿಲೇ ಮುಚ್ಚಿದೆ, ಎಣ್ಣೆ ಒಳಗೆ ಹೋಗುವುದು ಹೇಗೆ?

ಲೆಕ್ಕ ಹಾಕಿ ನೋಡಿ. ದಿನಕ್ಕೆ 5,000 ಟನ್ ಎಣ್ಣೆ, ಅದರಲ್ಲಿ ಹತ್ತು ಲಕ್ಷಕ್ಕೆ 100 ಪಾಲು ಲೋಹ. ಅಂದರೆ ದಿನಕ್ಕೆ 500 ಕಿಲೋ. ಅದರಲ್ಲಿ ನೂರಕ್ಕೆ 70 ಭಾಗ ಹಿಡಿದರೂ 300 ದಿನಕ್ಕೆ 105 ಟನ್ ಲೋಹ ಕ್ಯಾಟಲಿಸ್ಟಿನ ಹೊಟ್ಟೆ ಸೇರಿತು. ವೆನೆಜುವೆಲಾದ ಬೊಸ್ಕಾನ್ ಎಣ್ಣೆಯಲ್ಲಿ ವೆನೇಡಿಯಂ ಒಂದೇ 1,000 ಪಾಲು ದಾಟುತ್ತದೆ!

ಅದಕ್ಕೇ ರಿಯಾಕ್ಟರಿಗೆ ಒಂದೇ ಬಗೆಯ ಕ್ಯಾಟಲಿಸ್ಟ್ ತುಂಬುವುದಿಲ್ಲ. ಎಣ್ಣೆ ಮೊದಲು ತಾಕುವ ಕಡೆ ದೊಡ್ಡ ರಂಧ್ರದವು. ಅವುಗಳಿಗೆ ಚುರುಕು ಕಡಿಮೆ, ಹೊಟ್ಟೆ ದೊಡ್ಡದು. ಲೋಹ ನುಂಗುವುದೇ ಅವುಗಳ ಕೆಲಸ. ಹಿಂದೆ ಸಣ್ಣ ರಂಧ್ರದ ಚುರುಕಿನವು ಗಂಧಕ ನೋಡಿಕೊಳ್ಳುತ್ತವೆ. ಎಲ್ಲ ಕಡೆ ಚುರುಕಿನದ್ದನ್ನೇ ತುಂಬಿದರೆ ಮೊದಲ ತಿಂಗಳು ಮೀಟರ್ ನೋಡಿ ಖುಷಿಪಡಬಹುದು, ಆಮೇಲೆ ಅಳಬೇಕು. ಚುರುಕು ಕಡಿಮೆಯಾದ ಹಾಗೆ ನಾವು ದಿನಾ ಚೂರು ಚೂರೇ ಬಿಸಿ ಏರಿಸಿ ಸರಿದೂಗಿಸುತ್ತೇವೆ. ರಿಯಾಕ್ಟರ್ ತಡೆಯುವ ಬಿಸಿಯ ಮಿತಿ ಮುಟ್ಟಿದ ದಿನ ನಿಲ್ಲಿಸಬೇಕು. ಕಾಳುಗಳನ್ನು ಎಣ್ಣೆಯಲ್ಲೇ ತೇಲಿಸಿ, ನಡೆಯುತ್ತಿರುವಾಗಲೇ ಹಳೆಯದನ್ನು ತೆಗೆದು ಹೊಸದನ್ನು ಹಾಕುವ ರಿಯಾಕ್ಟರುಗಳೂ ಇವೆ. ಅಲ್ಲಿ ಈ ರಗಳೆ ಇಲ್ಲ, ಬೇರೆ ರಗಳೆ ಇದೆ.

ಪ್ರಶ್ನೆ: ಹೊಸ ಕ್ಯಾಟಲಿಸ್ಟ್ ತುಂಬಿದ ಮೇಲೆ ಕೊಳೆತ ಬೆಳ್ಳುಳ್ಳಿಯಂತೆ ನಾರುವ ದ್ರವ ಹಾಯಿಸುತ್ತಾರಂತೆ. ಗಂಧಕ ತೆಗೆಯಬೇಕಾದ ಕಡೆ ಗಂಧಕವನ್ನೇ ಹಾಕುವುದಾ?
– ಡಿಪ್ಲೊಮಾ ಟ್ರೇನಿ

ಉತ್ತರ: ಹೌದಪ್ಪ, ಹಾಕಲೇಬೇಕು. ಹೊಸ ಕ್ಯಾಟಲಿಸ್ಟ್ ಚೀಲದಿಂದ ಬರುವಾಗ ಅದರ ಮಾಲಿಬ್ಡಿನಮ್, ಕೋಬಾಲ್ಟ್, ನಿಕಲ್ ಲೋಹಗಳು ಆಕ್ಸೈಡ್ ರೂಪದಲ್ಲಿ, ಅಂದರೆ ಆಮ್ಲಜನಕದೊಡನೆ ಸೇರಿ ಇರುತ್ತವೆ. ಕೆಲಸ ಮಾಡುವುದು ಸಲ್ಫೈಡ್. ಆ ನಾರುವ ದ್ರವ ಡೈಮೀಥೈಲ್ ಡೈಸಲ್ಫೈಡ್. ಅದು ಒಡೆದು ಗಂಧಕ ಕೊಡುತ್ತದೆ. ಗಂಧಕ ಸಿಗುವ ಮೊದಲೇ ಹೈಡ್ರೋಜನ್ನಿನಲ್ಲಿ ಬಿಸಿ ಏರಿದರೆ, ಆಕ್ಸೈಡ್ ಆಮ್ಲಜನಕ ಕಳೆದುಕೊಂಡು ಲೋಹದ ಕಡೆಗೆ ಜಾರುತ್ತದೆ. ಆಮೇಲೆ ಅದನ್ನು ಸಲ್ಫೈಡ್ ಮಾಡುವುದು ಬಲು ಕಷ್ಟ.

ಈ ಪಾಠ ನಾನು ದುಬಾರಿ ಬೆಲೆ ಕೊಟ್ಟು ಕಲಿತೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ರಾತ್ರಿಪಾಳಿ. ಆ ದ್ರವದ ಪಂಪ್ ನಿಂತಿತ್ತು. ಹರಿವಿನ ಮೀಟರ್ ಸೊನ್ನೆ ತೋರಿಸುತ್ತಿತ್ತು. ಮೀಟರೇ ಕೆಟ್ಟಿದೆ ಅಂದುಕೊಂಡೆ, ಹೋಗಿ ನೋಡಲಿಲ್ಲ. ಹೀಟರ್ ಮಾತ್ರ ಏರುತ್ತಲೇ ಇತ್ತು. ಬೆಳಗಿನ ಜಾವಕ್ಕೆ ಬೆಡ್, ಅಂದರೆ ರಿಯಾಕ್ಟರಿನೊಳಗಿನ ಕ್ಯಾಟಲಿಸ್ಟ್ ರಾಶಿ, 260 ಡಿಗ್ರಿ. ರಿಯಾಕ್ಟರಿನಿಂದ ಹೊರಬರುವ ಕಡೆ ಅನಿಲ ಪರೀಕ್ಷಿಸಿದರೆ ಹೈಡ್ರೋಜನ್ ಸಲ್ಫೈಡಿನ ಸುಳಿವೇ ಇಲ್ಲ. ಆ ಸಲ ಮೊದಲ ದಿನದಿಂದಲೇ ಎಂಟು ಡಿಗ್ರಿ ಜಾಸ್ತಿ ಬಿಸಿ ಕೊಡಬೇಕಾಯಿತು. ಅಂದುಕೊಂಡದ್ದಕ್ಕಿಂತ ನಾಲ್ಕು ತಿಂಗಳು ಮೊದಲೇ ಘಟಕ ನಿಂತಿತು.

ಪ್ರಶ್ನೆ: ಹೊರತೆಗೆದ ಕ್ಯಾಟಲಿಸ್ಟನ್ನು ಸುಟ್ಟು ಮತ್ತೆ ಬಳಸಬಹುದೇ?
– ಒಬ್ಬ ಓದುಗ

ಉತ್ತರ: ಬರೀ ಕೋಕ್ (ಎಣ್ಣೆಯಿಂದ ಕೂರುವ ಇಂಗಾಲದ ಕಿಟ್ಟ) ಕಟ್ಟಿದ್ದರೆ ಬಳಸಬಹುದು, ಕೋಕ್ ಉರಿದುಹೋಗುತ್ತದೆ. ಡೀಸೆಲ್ ಘಟಕದ ಕ್ಯಾಟಲಿಸ್ಟ್ ಹೀಗೆ ಮರಳಿ ಬರುವುದುಂಟು. ವೆನೇಡಿಯಂ ತುಂಬಿದ್ದರೆ ಆಸೆ ಬಿಡಿ, ಅದು ಸುಟ್ಟರೂ ಹೋಗುವುದಿಲ್ಲ. ಅಂಥದ್ದನ್ನು ಲೋಹ ಬೇರ್ಪಡಿಸುವವರು ಕೊಳ್ಳುತ್ತಾರೆ. ಅವರಿಗೆ ಆ ವೆನೇಡಿಯಂ, ಮಾಲಿಬ್ಡಿನಮ್ಮೇ ಬೇಕಾದ ಸರಕು. ಅಂದಹಾಗೆ, ಹೊರತೆಗೆಯುವಾಗ ನೈಟ್ರೋಜನ್ ತುಂಬಿಯೇ ತೆಗೆಯಬೇಕು. ಗಾಳಿ ತಾಕಿದರೆ ಆ ಕಪ್ಪು ಕಾಳು ತಾನಾಗಿಯೇ ಕಾಯುತ್ತಾ ಹೋಗಿ ಹೊತ್ತಿಕೊಳ್ಳುತ್ತದೆ.