ಓದುಗರ ಪ್ರಶ್ನೆ: ಹಣ ಕೊಡದೆ ಬಳಸಬಹುದಾದ ತಂತ್ರಾಂಶಗಳು

ಪ್ರಶ್ನೆ: ಕಂಪ್ಯೂಟರಿನೊಂದಿಗೆ ಬಂದಿದ್ದ ಆಫೀಸ್ ತಂತ್ರಾಂಶದ ಪ್ರಾಯೋಗಿಕ ಅವಧಿ ಮುಗಿದಿದ್ದು, ಈಗ ಕಡತಗಳನ್ನು ಓದಬಹುದೇ ಹೊರತು ತಿದ್ದಲು ಆಗುತ್ತಿಲ್ಲ. ಪರಿಚಿತರೊಬ್ಬರು ‘ಕ್ರ್ಯಾಕ್’ ಮಾಡಿದ ಪ್ರತಿಯನ್ನು ಹಾಕಿಕೊಡುವುದಾಗಿ ಹೇಳುತ್ತಿದ್ದಾರೆ. ಪತ್ರ, ಲೆಕ್ಕಪಟ್ಟಿ, ಫೋಟೊ, ವಿಡಿಯೊ ಇಷ್ಟು ಕೆಲಸಕ್ಕೆ ಉಚಿತ ತಂತ್ರಾಂಶಗಳು ಸಾಲುತ್ತವೆಯೇ?

ಉತ್ತರ: ಧಾರಾಳವಾಗಿ ಸಾಲುತ್ತವೆ. ಕ್ರ್ಯಾಕ್ ಪ್ರತಿ ಬೇಡ. ಕಾನೂನಿನ ಮಾತು ಹಾಗಿರಲಿ, ಪರವಾನಗಿಯ ತಪಾಸಣೆಯನ್ನು ತಪ್ಪಿಸಲು ಅದನ್ನು ತಿದ್ದಿದವರು ಜೊತೆಗೆ ಇನ್ನೇನನ್ನು ತುರುಕಿದ್ದಾರೆ ಎಂಬುದು ನಿಮಗಾಗಲಿ, ಹಾಕಿಕೊಡುವವರಿಗಾಗಲಿ ತಿಳಿದಿರುವುದಿಲ್ಲ. ‘ಆಂಟಿವೈರಸ್ ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ’ ಎಂಬ ಸೂಚನೆಯೂ ಇದ್ದರೆ ಅನುಮಾನಕ್ಕೆ ಬೇರೆ ಕಾರಣವೇ ಬೇಡ.

ಪತ್ರ ಮತ್ತು ಲೆಕ್ಕಪಟ್ಟಿಗೆ ಲಿಬ್ರೆಆಫೀಸ್ ಹಾಕಿಕೊಳ್ಳಿ. ಓಪನ್‌ಆಫೀಸ್ ಎಂಬ ಇನ್ನೊಂದು ಉಚಿತ ಆಫೀಸ್ ತಂತ್ರಾಂಶದಿಂದ 2010ರಲ್ಲಿ ಕವಲೊಡೆದ ಇದರಲ್ಲಿ ಬರವಣಿಗೆಗೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸ್ಲೈಡುಗಳಿಗೆ ಇಂಪ್ರೆಸ್ ಇವೆ. ವರ್ಡ್, ಎಕ್ಸೆಲ್ ಕಡತಗಳನ್ನು ಇದು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸಲೂ ಬಲ್ಲದು. ಆದರೆ ಒಂದು ತೊಡಕನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಮೂಲ ಕಡತದಲ್ಲಿದ್ದ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಬೇರೊಂದು ಫಾಂಟ್ ಅದರ ಜಾಗಕ್ಕೆ ಬಂದು, ಸಾಲುಗಳು ಮುರಿದು, ಒಂದು ಪುಟದ ಪತ್ರ ಎರಡನೆಯ ಪುಟಕ್ಕೆ ಜಾರಬಹುದು. ಎಕ್ಸೆಲ್‌ನ ಮ್ಯಾಕ್ರೊಗಳೂ (ಪದೇ ಪದೇ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳು) ಎಲ್ಲವೂ ಓಡುವ ಭರವಸೆಯಿಲ್ಲ. ಆದ್ದರಿಂದ ನಿಮ್ಮ ಸ್ವಂತ ಪ್ರತಿಗಳನ್ನು ಲಿಬ್ರೆಆಫೀಸ್‌ನ ಸಹಜ ರೂಪಗಳಲ್ಲಿ, ಅಂದರೆ ಪತ್ರಗಳನ್ನು ಒಡಿಟಿ, ಲೆಕ್ಕಪಟ್ಟಿಗಳನ್ನು ಒಡಿಎಸ್ ಆಗಿ ಇಟ್ಟುಕೊಳ್ಳಿ. ಇನ್ನೊಬ್ಬರು ತಿದ್ದಬೇಕಾದ ಪತ್ರವನ್ನು ವರ್ಡ್‌ನ ಡಾಕ್ಸ್ (docx) ರೂಪದಲ್ಲಿ, ಕೇವಲ ಓದಬೇಕಾದುದನ್ನು ಪಿಡಿಎಫ್ ಮಾಡಿ ಕಳುಹಿಸಿ. ಒಡಿಟಿ ಸೇರಿರುವ ಕಡತ ಮಾದರಿಯನ್ನು 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಲಾಗಿದ್ದು, ಅದನ್ನು ತೆರೆಯಲು ಒಂದೇ ಕಂಪನಿಯ ಹಂಗಿನಲ್ಲಿ ಇರಬೇಕಾಗಿಲ್ಲ.

ವಿಡಿಯೊ ನೋಡಲು ವಿಎಲ್‌ಸಿ ಪ್ಲೇಯರ್ ಇದ್ದರೆ ಬೇರೆ ಕೋಡೆಕ್‌ಗಳನ್ನು (ಬಗೆಬಗೆಯ ವಿಡಿಯೊ ರೂಪಗಳನ್ನು ಬಿಡಿಸಿ ತೋರಿಸುವ ತುಣುಕು ತಂತ್ರಾಂಶಗಳನ್ನು) ಹುಡುಕುವ ಪ್ರಮೇಯ ಬಹುಮಟ್ಟಿಗೆ ಬಾರದು. ಜಿಪ್ ಕಡತಗಳಿಗೆ 7-ಜಿಪ್ ಸಾಕು. ಜಿಪ್‌ನಂತೆಯೇ ಕುಗ್ಗಿಸಿ ಕಟ್ಟುವ ಇನ್ನೊಂದು ರೂಪವಾದ ರಾರ್ ಕಡತವನ್ನು ಅದು ಬಿಚ್ಚುತ್ತದೆ, ಕಟ್ಟುವುದಿಲ್ಲ. ಫೋಟೊಗೆ ಎಲ್ಲರೂ ಗಿಂಪ್ ಎನ್ನುತ್ತಾರೆ. ಅದು ಸಮರ್ಥವಾದುದೇ, ಆದರೆ ಫೋಟೊದ ಅಂಚು ಕತ್ತರಿಸುವುದಕ್ಕಷ್ಟೇ ಅದರ ಮೆನುಗಳಲ್ಲಿ ಅಲೆಯುವುದು ವ್ಯರ್ಥ. ಕಂಪ್ಯೂಟರಿನೊಂದಿಗೇ ಬರುವ ಫೋಟೊ ಆ್ಯಪ್ ಅಷ್ಟನ್ನು ಮಾಡುತ್ತದೆ.

ಪ್ರಶ್ನೆ: ‘ಉಚಿತ’ ಮತ್ತು ‘ಮುಕ್ತ’ ತಂತ್ರಾಂಶ ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಪಿಡಿಎಫ್ ಓದಲು ಬಳಸುವ ಅಡೋಬಿ ರೀಡರ್ ಉಚಿತ, ಆದರೆ ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಗುಟ್ಟು. ಬಳಸುವ, ಒಳಗನ್ನು ಪರಿಶೀಲಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಇರುವುದು ಮುಕ್ತ ತಂತ್ರಾಂಶ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತವಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ್ದು ಈ ಸ್ವಾತಂತ್ರ್ಯಕ್ಕಾಗಿ. ಅಂಥದ್ದನ್ನು ಹಣಕ್ಕೆ ಮಾರಲೂ ಅಡ್ಡಿಯಿಲ್ಲ. ಮೇಲೆ ಹೆಸರಿಸಿ ಹಾಕಿಕೊಳ್ಳಲು ಹೇಳಿದವು ಬಹುತೇಕ ಈ ಬಗೆಯವು.

ಹಂಚುವ ಸ್ವಾತಂತ್ರ್ಯವನ್ನು ದುರುಪಯೋಗ ಮಾಡಿಕೊಳ್ಳುವವರೂ ಇದ್ದಾರೆ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿಯಿಂದ ಇಳಿಸಿಕೊಂಡರೆ ತಂತ್ರಾಂಶದ ಜೊತೆ ಬೇಡದ ಟೂಲ್‌ಬಾರುಗಳು ನುಸುಳುವುದುಂಟು. ವಿಎಲ್‌ಸಿಯ ಅಧಿಕೃತ ತಾಣ ವಿಡಿಯೊಲ್ಯಾನ್ ಡಾಟ್ ಆರ್ಗ್, ಉಳಿದೆರಡರದು ಲಿಬ್ರೆಆಫೀಸ್ ಡಾಟ್ ಆರ್ಗ್ ಮತ್ತು 7-ಜಿಪ್ ಡಾಟ್ ಆರ್ಗ್. ಹಳೆಯ ಆಫೀಸ್ ತಂತ್ರಾಂಶವನ್ನು ತೆಗೆದುಹಾಕಲು ಮಾತ್ರ ಆತುರಪಡದೆ, ನಿಮ್ಮ ಮುಖ್ಯ ಕಡತಗಳೆಲ್ಲ ಹೊಸದರಲ್ಲಿ ಸರಿಯಾಗಿ ತೆರೆಯುತ್ತವೆಯೇ ಎಂದು ಒಂದೆರಡು ವಾರ ನೋಡಿಕೊಳ್ಳಿ.