ಕೊಂಡ ಜಮೀನಿಗೆ ಐದು ವರ್ಷ ಕಂದಾಯ ಯಾಕಿರಲಿಲ್ಲ?

ಪ್ರಶ್ನೆ: ಅಮೆರಿಕದ ಒಹಾಯೊದಲ್ಲಿ ಹಿಂದೆ ಫೆಡರಲ್ (ಕೇಂದ್ರ) ಸರ್ಕಾರ ಮಾರಿದ ಜಮೀನಿಗೆ ಐದು ವರ್ಷ ರಾಜ್ಯ ಕಂದಾಯ ಹಾಕುವಂತಿರಲಿಲ್ಲವಂತೆ. ಮಾರಿದ ಮೇಲೆ ಅದು ಕೊಂಡವನದು ಅಲ್ವಾ? ರಾಜ್ಯ ಯಾಕೆ ಒಪ್ಪಿತು?

ಉತ್ತರ: ಸುಮ್ನೆ ಒಪ್ಪಲಿಲ್ಲ. ಒಹಾಯೊವನ್ನು ರಾಜ್ಯ ಮಾಡಲು 1802ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ತಂದಾಗ ಒಂದು ಒಪ್ಪಂದ ಮುಂದಿಟ್ಟಿತು. ಪ್ರತಿ ಟೌನ್‌ಶಿಪ್‌ನ (ಮಾರಲು ಅಳೆದು ಗುರುತಿಸಿದ ಚೌಕದ) 36 ಭಾಗಗಳಲ್ಲಿ 16ನೆಯದು ಶಾಲೆಗೆ, ಅದು 640 ಎಕರೆ. ಜಮೀನು ಮಾರಿ ಖರ್ಚು ಕಳೆದು ಉಳಿದ ಹಣದಲ್ಲಿ ನೂರಕ್ಕೆ ಐದು ರಸ್ತೆಗೆ. ಬದಲಿಗೆ, ಮಾರಿದ ದಿನದಿಂದ ಐದು ವರ್ಷ ರಾಜ್ಯವಾಗಲಿ, ಅದರೊಳಗಿನ ಕೌಂಟಿಯಾಗಲಿ (ಜಿಲ್ಲೆಯಂಥದ್ದು) ಆ ಜಮೀನಿಗೆ ತೆರಿಗೆ ಹಾಕಬಾರದು.

ಐದೇ ವರ್ಷ ಯಾಕೆ? ಆಗ ಜಮೀನು ಕಂತಿನ ಮೇಲೆ ಸಿಗುತ್ತಿತ್ತು. 1800ರ ಕಾನೂನಿನಲ್ಲಿ ಕಡಿಮೆ ಅಂದರೂ 320 ಎಕರೆ ಕೊಳ್ಳಬೇಕು, ಎಕರೆಗೆ 2 ಡಾಲರ್, ಅಂದರೆ 640 ಡಾಲರ್. ಕಾಲು ಭಾಗ ಮೊದಲೇ ಕಟ್ಟಿ ಉಳಿದದ್ದನ್ನು ನಾಲ್ಕು ವರ್ಷದೊಳಗೆ ತೀರಿಸಬೇಕಿತ್ತು. ಇನ್ನೂ ಕಂತು ಬಾಕಿ ಇರುವಾಗ ಕಂದಾಯ ಕಟ್ಟಿಲ್ಲ ಅಂತ ರಾಜ್ಯ ಆ ಜಮೀನನ್ನು ಹರಾಜು ಹಾಕಿದರೆ ಫೆಡರಲ್ ಸರ್ಕಾರದ ಬಾಕಿ ಗತಿ ಏನು? ಹಾಗಾಗಿ ಅಷ್ಟು ದಿನ ರಾಜ್ಯ ಕೈ ಹಾಕಬಾರದು ಅನ್ನುವುದರಲ್ಲಿ ನ್ಯಾಯವಿತ್ತು.

ಆದರೆ 1820ರಲ್ಲಿ ಕಂತು ನಿಂತಿತು. 80 ಎಕರೆ, ಎಕರೆಗೆ ಒಂದೂಕಾಲು ಡಾಲರ್, 100 ಡಾಲರ್ ನಗದು ಕೊಟ್ಟರೆ ಮುಗಿಯಿತು. ಬಾಕಿಯೇ ಇಲ್ಲದ ಮೇಲೆ ವಿನಾಯಿತಿ ಯಾಕೆ ಬೇಕು? ಆದರೂ ಅದು ಹಾಗೇ ಉಳಿಯಿತು, ಇದು ನನಗೆ ದೊಡ್ಡ ಅನ್ಯಾಯ ಅನಿಸುತ್ತದೆ. ಮೊದಲೇ ಬಂದು ಕಾಡು ಕಡಿದು ಬೇಸಾಯ ಮಾಡಿದವನು ಊರಿನ ರಸ್ತೆಗೆಲ್ಲ ಕಂದಾಯ ಕಟ್ಟಬೇಕು. ಪಕ್ಕದಲ್ಲೇ ಬೆಲೆ ಏರಲಿ ಅಂತ ಜಮೀನು ಕೊಂಡು ಪಾಳು ಬಿಟ್ಟವನು ಐದು ವರ್ಷ ಏನೂ ಕಟ್ಟದೆ ಅದೇ ರಸ್ತೆಯ ಲಾಭ ಪಡೆಯಬೇಕು.

ಹಕ್ಕುಪತ್ರ ಕೈಗೆ ಬರುವವರೆಗೆ ಜಮೀನು ಸರ್ಕಾರದ್ದೇ, ಹಾಗಾಗಿ ತೆರಿಗೆ ಇಲ್ಲ ಅನ್ನುವ ವಾದವೂ ಇತ್ತು. ಮಿಷಿಗನ್‌ನ ಒಂದು ಮೊಕದ್ದಮೆಯಲ್ಲಿ, 1845ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಪೂರ್ತಿ ಹಣ ಕಟ್ಟಿ ರಸೀದಿ ಪಡೆದ ಮೇಲೆ ಜಮೀನು ಕೊಂಡವನದೇ, ರಾಜ್ಯ ತೆರಿಗೆ ಹಾಕಬಹುದು ಅಂದಿತು. 1847ರಲ್ಲಿ ಕಾಂಗ್ರೆಸ್ ಕೂಡ ಮಣಿದು, ಮುಂದೆ ಮಾರುವ ಜಮೀನಿಗೆ ಮಾರಿದ ದಿನದಿಂದಲೇ ತೆರಿಗೆ ಹಾಕಲು ಒಹಾಯೊದಂಥ ಹಳೆಯ ರಾಜ್ಯಗಳಿಗೆ ಒಪ್ಪಿಗೆ ಕೊಟ್ಟಿತು.